ಕೇಡಗಾಂವಿನಲ್ಲಿ ನಿಲ್ಲದ ಗಾಡಿ

ಪುಣೆಯಿಂದ ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುವವರಿಗೆ ದೌಂಡ್ ಬರುವ ಸ್ವಲ್ಪ ಮೊದಲು ಕೇಡಗಾಂವ್ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಸಿಗುತ್ತದೆ ಎಂದರೆ ಕಿಟಕಿಯಾಚೆ ಹಾದುಹೋಗುತ್ತದೆ, ಅಷ್ಟೆ. ನಮ್ಮ ಗಾಡಿ ಅಲ್ಲಿ ನಿಲ್ಲುವುದಿಲ್ಲ. 15 ವರ್ಷ ಆ ಹಳದಿ ಬೋರ್ಡನ್ನು ನೋಡಿಯೂ ನೋಡದವನಂತೆ ಊರಿಗೆ ಹೋಗಿ ಬಂದಿದ್ದೇನೆ. ನಮ್ಮ ಕಡೆಯವರೇ ಆದ ಒಬ್ಬ ಹೆಣ್ಣುಮಗಳು ಆ ಊರಿನಲ್ಲಿ ಕೂತು ಇಡೀ ಬೈಬಲನ್ನು ಹೀಬ್ರೂ ಮತ್ತು ಗ್ರೀಕ್‌ನಿಂದ ಮರಾಠಿಗೆ ತಂದರು ಎಂಬುದು ನನಗೆ ತಿಳಿದದ್ದು ತೀರಾ ತಡವಾಗಿ. ಅದೂ ಆಫೀಸಿನ ಒಂದು ಮೇಜು ಕ್ಯಾಲೆಂಡರಿನಿಂದ.

ನನ್ನ ಹಳೆಯ ಟೀಮಿನಲ್ಲಿ ಹುಬ್ಬಳ್ಳಿ ಕಡೆಯ ಒಬ್ಬ ಹುಡುಗಿ ಇದ್ದಳು. ಟೆಸ್ಟಿಂಗ್ ಕೆಲಸ. ಅವಳ ಮೇಜಿನ ಮೇಲೆ ದಿನಕ್ಕೊಂದು ಬೈಬಲ್ ವಚನ ಇರುವ ಕನ್ನಡ ಕ್ಯಾಲೆಂಡರ್. ರಿಲೀಸ್ ವಾರದಲ್ಲಿ ನಾವೆಲ್ಲ ಮುಖ ಗಂಟು ಹಾಕಿಕೊಂಡು ಓಡಾಡುವಾಗ ಅವಳು ಬೆಳಿಗ್ಗೆ ಬಂದವಳೇ ಒಂದು ಹಾಳೆ ಮಗುಚಿ, ಅರ್ಧ ನಿಮಿಷ ಓದಿ, ಲ್ಯಾಪ್‌ಟಾಪ್ ತೆಗೆಯುತ್ತಿದ್ದಳು. ‘ಇಂಗ್ಲಿಷ್‌ನದು ಸಿಗಲಿಲ್ಲವಾ?’ ಎಂದು ತಮಾಷೆಗೆ ಕೇಳಿದೆ. ‘ಸರ್, ಇಂಗ್ಲಿಷ್‌ನಾಗ ಓದಿದ್ರ ಅರ್ಥ ಆಗ್ತೈತ್ರಿ. ಕನ್ನಡದಾಗ ಓದಿದ್ರ ಸಮಾಧಾನ ಆಗ್ತೈತಿ’ ಅಂದಳು. ಪಂಡಿತಾ ರಮಾಬಾಯಿಯವರ ಹೆಸರು ಹೇಳಿದವಳೂ ಅವಳೇ. ನಾನು ಚರ್ಚಿಗೆ ಹೋಗುವವನಲ್ಲ, ನಮ್ಮ ಮನೆಯ ದೇವರುಗಳು ಬೇರೆ. ಆದರೆ ಅರ್ಥಕ್ಕೂ ಸಮಾಧಾನಕ್ಕೂ ನಡುವಿನ ಆ ವ್ಯತ್ಯಾಸವನ್ನು ಒಬ್ಬರು ಜೀವಮಾನವಿಡೀ ಬೆನ್ನು ಹತ್ತಿದ್ದರು ಎಂದು ರಮಾಬಾಯಿಯವರ ಬಗ್ಗೆ ಓದುತ್ತಾ ಹೋದಂತೆ ಅನ್ನಿಸಿತು.

ರಮಾಬಾಯಿ ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಪಶ್ಚಿಮಘಟ್ಟದ ಗಂಗಾಮೂಲದ ಕಾಡಿನಲ್ಲಿ; ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಕಡೆಯ ಮಾಳದವರು, ಚಿತ್ಪಾವನರು. ಹೆಂಡತಿ ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರೆಂಬ ಕಾರಣಕ್ಕೆ ಉಡುಪಿಯಲ್ಲಿ ಪಂಡಿತರ ಮುಂದೆ ನಿಂತು, ಶಾಸ್ತ್ರದ ಆಧಾರ ಕೊಟ್ಟು ಸಮರ್ಥಿಸಿಕೊಳ್ಳಬೇಕಾಯಿತು ಎಂದು ಮಗಳು ಮುಂದೆ ಬರೆದಿದ್ದಾರೆ. ಮಗುವಿಗೆ ಆರು ತಿಂಗಳಾಗುವ ಹೊತ್ತಿಗೆ ಮನೆ ಮಠ ಬಿಟ್ಟು ಸಂಸಾರ ತೀರ್ಥಯಾತ್ರೆಗೆ ಹೊರಟಿತು. ಬೆತ್ತದ ಬುಟ್ಟಿಯಲ್ಲಿ, ಆಳೊಬ್ಬನ ತಲೆಯ ಮೇಲೆ, ರಮಾಬಾಯಿ ಘಟ್ಟ ಇಳಿದರು. ಆಮೇಲೆ ನಡೆದದ್ದೇ ನಡೆದದ್ದು. ದಾರಿಯಲ್ಲೇ ತಾಯಿಯಿಂದ ಸಂಸ್ಕೃತ, ಮರಾಠಿ. ಊರೂರು ತಿರುಗುತ್ತಾ ಕನ್ನಡ, ಹಿಂದೂಸ್ತಾನಿ, ಬಂಗಾಳಿ.

ಮನೆಯವರೆಲ್ಲ ಪೌರಾಣಿಕರು. ದೇವಸ್ಥಾನದ ಜಗಲಿಯಲ್ಲೋ ನದಿಯ ಘಾಟಿನಲ್ಲೋ ಕೂತು ಪುರಾಣ ಓದುವುದು, ಕೇಳುವವರು ಕಾಸು, ಧಾನ್ಯ, ಹಣ್ಣು ಇಟ್ಟು ಹೋಗುವುದು. ಓದು ಸಂಸ್ಕೃತದಲ್ಲಿ. ಅರ್ಥ ಹೇಳುವ ಪದ್ಧತಿ ಇರಲಿಲ್ಲ. ಕಿವಿಗೆ ಬಿದ್ದರೆ ಪುಣ್ಯ ಬಂತು ಎಂಬ ಲೆಕ್ಕ. ಇದನ್ನೂ ಅವರೇ ಬರೆದಿದ್ದಾರೆ. ಬರವಣಿಗೆಯಲ್ಲಿ ಸಿಟ್ಟು ಇದ್ದರೂ, ತಂದೆತಾಯಿಯ ಬಗ್ಗೆ ಮಾತ್ರ ಪ್ರೀತಿ ಬಿಟ್ಟು ಬೇರೇನಿಲ್ಲ.

1870ರ ದಶಕದ ಕ್ಷಾಮದಲ್ಲಿ ಆ ಸಂಸಾರ ಮುಗಿದೇಹೋಯಿತು. ಇದ್ದ ಹಣ ದಾನ, ವ್ರತಗಳಿಗೆ ಖರ್ಚಾಗಿತ್ತು. ಕೂಲಿ ಮಾಡಲು ಕುಲದ ಅಭಿಮಾನ ಬಿಡಲಿಲ್ಲ, ಬೇಡಲು ನಾಚಿಕೆ. ಮೊದಲು ತಂದೆ, ಕೆಲವೇ ತಿಂಗಳಲ್ಲಿ ತಾಯಿ, ಅಕ್ಕ. ತಾಯಿಯ ಶವ ಹೊರಲು ಜನ ಸಿಗದೆ ಮಗಳೇ ಚಟ್ಟಕ್ಕೆ ಹೆಗಲು ಕೊಟ್ಟರು. ಉಳಿದ ಅಣ್ಣ ತಂಗಿ ಇಬ್ಬರೂ ನಡೆಯುತ್ತಲೇ 1878ರಲ್ಲಿ ಕಲ್ಕತ್ತೆ ಮುಟ್ಟಿದರು. 20 ವರ್ಷದ ಹುಡುಗಿಯ ಸಂಸ್ಕೃತಕ್ಕೆ ಬೆರಗಾದ ಅಲ್ಲಿನ ವಿದ್ವಾಂಸರು ‘ಪಂಡಿತಾ’, ‘ಸರಸ್ವತಿ’ ಎಂದು ಕರೆದರು. ಆದರೆ ಯಾವ ಗ್ರಂಥಗಳ ಪಾಂಡಿತ್ಯಕ್ಕೆ ಆ ಬಿರುದು ಬಂತೋ ಅದೇ ಗ್ರಂಥಗಳಲ್ಲಿ ಹೆಂಗಸರ ಬಗ್ಗೆ ಬರೆದದ್ದು ಆ ಹೊತ್ತಿಗೆ ಅವರನ್ನು ಚುಚ್ಚತೊಡಗಿತ್ತು.

ಮುಂದಿನ ನಾಲ್ಕು ವರ್ಷ ಬೇಗ ಹೇಳಿಬಿಡುತ್ತೇನೆ, ಅವರ ಬದುಕಿನಲ್ಲೂ ಅದು ಬೇಗನೇ ಹೋಯಿತು. ಅಣ್ಣ ತೀರಿಕೊಂಡ. ಬಂಗಾಳಿ ವಕೀಲ ಬಿಪಿನ್ ಬಿಹಾರಿ ದಾಸ್ ಅವರೊಡನೆ ಅಂತರ್ಜಾತಿ ಮದುವೆ, ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ, ಮಗಳು ಮನೋರಮಾ. 1882ರಲ್ಲಿ ಕಾಲರಾದಿಂದ ಗಂಡನೂ ಹೋದರು. ಸಿಲ್ಚಾರಿನ ಮನೆಯ ಪುಸ್ತಕಗಳ ನಡುವೆ ಸಿಕ್ಕಿದ್ದು ಬಂಗಾಳಿಯಲ್ಲಿದ್ದ ಲೂಕನ ಸುವಾರ್ತೆ, ಒಂದು ತೆಳು ಪುಸ್ತಕ. ದೇವರ ಮಾತು ಪಂಡಿತರ ಭಾಷೆಯಲ್ಲಲ್ಲದೆ ಮನೆಮಾತಿನಲ್ಲಿ ಅವರ ಕೈಗೆ ಬಂದದ್ದು ಹಾಗೆ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿ, ಮರುವರ್ಷ ಇಂಗ್ಲೆಂಡಿಗೆ ಹೋದರು. ಡಾಕ್ಟರಾಗುವ ಆಸೆ ಇತ್ತು, ಕಿವಿ ಮಂದವಾಗುತ್ತಿದ್ದರಿಂದ ಅದು ಕೈಗೂಡಲಿಲ್ಲ. ಲಂಡನ್ನಿನ ಫುಲಮ್‌ನಲ್ಲಿ, ದಾರಿ ತಪ್ಪಿದವರು ಎಂದು ಸಮಾಜ ಹೊರಗಿಟ್ಟ ಹೆಂಗಸರಿಗೆ ಸಿಸ್ಟರುಗಳು ನಡೆಸುತ್ತಿದ್ದ ಆಶ್ರಯಮನೆ ನೋಡಿ, ‘ಇವರ ಬಗ್ಗೆ ಇಷ್ಟು ಕರುಣೆ ಯಾಕೆ?’ ಎಂದು ಕೇಳಿದಾಗ ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯಿಂದ ಸಮಾರ್ಯದ ಹೆಂಗಸಿನ ಪ್ರಸಂಗ ಓದಿ ಹೇಳಿದರು. ಬಾವಿಕಟ್ಟೆಯ ಬಳಿ ಯೇಸು ನೀರು ಕೇಳಿದ, ಊರು ದೂರವಿಟ್ಟ ಆ ಹೆಂಗಸು. 1883ರ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ರಮಾಬಾಯಿ ದೀಕ್ಷಾಸ್ನಾನ ತೆಗೆದುಕೊಂಡರು.

ಇಲ್ಲಿ ‘ಶಾಂತಿ ಸಿಕ್ಕಿತು, ಮುಗಿಯಿತು’ ಎಂದು ಬರೆಯುವುದು ಸುಲಭ. ಆದರೆ ಹಾಗಾಗಲಿಲ್ಲ. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದವಳು ಇನ್ನೊಂದಕ್ಕೆ ಯಾಕೆ ತಲೆಬಾಗಬೇಕು ಎಂಬ ಧಾಟಿಯಲ್ಲಿ ವಾಂಟೇಜಿನ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ಪತ್ರಗಳಲ್ಲಿ ಜಗಳವಾಡಿದರು. ಕ್ರೈಸ್ತಧರ್ಮ ತನಗೆ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿರಲಿಲ್ಲ ಎಂಬರ್ಥದಲ್ಲಿ ಮುಂದೆ ಒಪ್ಪಿಕೊಂಡರು. ಸುಮಾರು ಎಂಟು ವರ್ಷ ಹಾಗೆ ಕಳೆದು, 1891ರ ಹೊತ್ತಿಗೆ, ಪುಣೆಯಲ್ಲಿ ಶಾಲೆ ನಡೆಸುವ ಗಡಿಬಿಡಿಯ ನಡುವೆ, ದಿನವೂ ಬೈಬಲ್ ಓದುತ್ತಾ ಅವರಿಗೆ ನೆಮ್ಮದಿ ಬಂತು. 1907ರಲ್ಲಿ ಬರೆದ ಆತ್ಮಕಥನಕ್ಕೆ ಅವರಿಟ್ಟ ಹೆಸರಿನಲ್ಲೇ ‘ಖರ್ಚಾಗದ ನಿಧಿ’ ಎಂಬ ಮಾತಿದೆ. ಇದ್ದದ್ದೆಲ್ಲ ಖರ್ಚಾಗಿ ಹಸಿವಿನಿಂದ ಸತ್ತ ತಂದೆಯ ಮಗಳು ಆರಿಸಿದ ಪದ ಅದು.

ಆ ಸಂತೋಷದಿಂದಲೇ ತೊಂದರೆಯೂ ಬಂತು. 1889ರಲ್ಲಿ ಮುಂಬಯಿಯಲ್ಲಿ ಶುರುವಾಗಿ ಮರುವರ್ಷ ಪುಣೆಗೆ ಬಂದ ಶಾರದಾ ಸದನ ವಿಧವೆಯರ ಶಾಲೆ; ಧರ್ಮದ ವಿಷಯದಲ್ಲಿ ತಟಸ್ಥವಾಗಿರುತ್ತದೆ ಎಂಬ ಮಾತಿನ ಮೇಲೆ ನಡೆಯುತ್ತಿತ್ತು. ಬೆಳಿಗ್ಗೆ ರಮಾಬಾಯಿ ತಮ್ಮ ಕೋಣೆಯಲ್ಲಿ ಮಗಳ ಜೊತೆ ಪ್ರಾರ್ಥನೆಗೆ ಕೂರುತ್ತಿದ್ದರು, ಬಾಗಿಲು ತೆರೆದಿರುತ್ತಿತ್ತು. ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ತಿಲಕರ ಕೇಸರಿ ಹರಿಹಾಯ್ದಿತು. 1893ರಲ್ಲಿ ರಾನಡೆ, ಭಂಡಾರಕರ್ ಅವರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟರು, ಹಲವು ಮನೆಯವರು ಹುಡುಗಿಯರನ್ನು ಕರೆದುಕೊಂಡು ಹೋದರು. ನನಗೆ ಕೇಳಿದರೆ, ನಂಬಿ ಮಕ್ಕಳನ್ನು ಕಳಿಸಿದವರ ದೂರು ಪೂರ್ತಿ ಸುಳ್ಳಲ್ಲ. ಆದರೆ ತನ್ನ ಕೋಣೆಯ ಬಾಗಿಲು ಮುಚ್ಚಿಕೊಂಡು ದೇವರನ್ನು ನೆನೆಯಬೇಕು ಎಂದು ಆಕೆಗೆ ಹೇಳುವ ಧೈರ್ಯವೂ ನನಗಿಲ್ಲ.

1896ರಲ್ಲಿ ಮಧ್ಯಪ್ರಾಂತ್ಯಕ್ಕೆ ಬರ ಬಂದಾಗ ಅವರಿಗೆ ನೆನಪಾದದ್ದು ತಮ್ಮದೇ ಹಸಿವು. ಅಲ್ಲಿಗೇ ಹೋಗಿ ನೂರಾರು ಹೆಣ್ಣುಮಕ್ಕಳನ್ನು ಕೇಡಗಾಂವಿನ ಹೊಲಕ್ಕೆ ಕರೆತಂದರು. ‘ಮುಕ್ತಿ’ ಬೆಳೆದದ್ದು ಹಾಗೆ. 1900ರ ಬರ ಮುಗಿಯುವ ಹೊತ್ತಿಗೆ ಅಲ್ಲಿದ್ದವರು ಸಾವಿರ ಮೀರಿದ್ದರು. ಬಾವಿ, ಹೊಲ, ಗಾಣ, ಮಗ್ಗ, ದನಗಳು, ಕುರುಡು ಹುಡುಗಿಯರಿಗೆ ಬ್ರೈಲ್, ಮತ್ತು ಒಂದು ಅಚ್ಚುಕೂಟ. 1905ರಲ್ಲಿ ಅಲ್ಲಿ ನಡೆದ, ಅಳು ನಗು ಎಲ್ಲ ಸೇರಿದ ಪ್ರಾರ್ಥನೆಯ ಅಲೆಯ ಬಗ್ಗೆ ಬಹಳ ಜನ ಬರೆದಿದ್ದಾರೆ. ನನ್ನ ಮನಸ್ಸು ಮಾತ್ರ ಅಚ್ಚುಕೂಟದ ಕಡೆಗೇ ಹೋಗುತ್ತದೆ.

ಯಾಕೆಂದರೆ ಆ ಹೊತ್ತಿಗೆ ರಮಾಬಾಯಿ ಹಿಡಿದಿದ್ದ ಕೆಲಸ ಅಂಥದ್ದು. ಮರಾಠಿಯಲ್ಲಿ ಬೈಬಲ್ ಇರಲಿಲ್ಲವೇ? ಇತ್ತು. ಕನ್ನಡದಲ್ಲಂತೂ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಜೊತೆಗಾರರ ಅನುವಾದ 1831ರಲ್ಲೇ ಪೂರ್ತಿ ಬಂದಿತ್ತು. ರಮಾಬಾಯಿಯವರ ತಕರಾರು ಬೇರೆ: ಇದ್ದ ಮರಾಠಿ ಅನುವಾದದಲ್ಲಿ ಸಂಸ್ಕೃತ ಪದಗಳ ಭಾರ ಹೆಚ್ಚು, ಬರದ ಊರಿನಿಂದ ಬಂದ ಹೆಂಗಸಿಗೆ ಅದು ತಿಳಿಯದು. ಈ ಮಾತು ಹೇಳಿದವರು ‘ಸರಸ್ವತಿ’ ಎಂಬ ಬಿರುದು ಹೊತ್ತವರು! ಪುರಾಣ ಕೇಳಿ ಅರ್ಥವಾಗದೆ ಕಾಸು ಇಟ್ಟು ಹೋಗುತ್ತಿದ್ದ ಮುಖಗಳನ್ನು ಚಿಕ್ಕಂದಿನಲ್ಲಿ ಎದುರಿಗೇ ನೋಡಿದ್ದವರು. ಹೀಗಾಗಿ ನಡುವಯಸ್ಸು ದಾಟಿದ ಮೇಲೆ ಹೀಬ್ರೂ, ಗ್ರೀಕ್ ಹಿಡಿದು ಅನುವಾದ ಶುರು ಮಾಡಿದರು. ಒಂದು ಸಂಸ್ಥೆಯ ಊಟ, ಬಟ್ಟೆ, ಜ್ವರ, ಜಗಳ ಎಲ್ಲ ನೋಡಿಕೊಳ್ಳುತ್ತಾ 15 ವರ್ಷಕ್ಕೂ ಹೆಚ್ಚು ಕಾಲ. ನಾವು ಆರು ತಿಂಗಳ ಪ್ರಾಜೆಕ್ಟಿಗೆ ನಾಲ್ಕು ಸಲ ಡೆಡ್‌ಲೈನ್ ಬದಲಿಸುವವರು. ಈ ಲೆಕ್ಕ ನೋಡಿದಾಗ ನನಗೆ ಸಣ್ಣ ನಾಚಿಕೆಯಾಯಿತು.

ಈ ನಡುವೆ ಕರ್ನಾಟಕದ ನಂಟೂ ಮರಳಿತು. 1912ರ ಸುಮಾರಿಗೆ ಮನೋರಮಾ ತಾಯಿಯ ನೆರವಿನಿಂದ, ಆಗ ನಿಜಾಮರ ರಾಜ್ಯದಲ್ಲಿದ್ದ ಗುಲ್ಬರ್ಗಾದಲ್ಲಿ ಒಂದು ಹೈಸ್ಕೂಲ್ ತೆರೆದರು. ಉದ್ಯಾನ್ ಎಕ್ಸ್‌ಪ್ರೆಸ್ ಅಲ್ಲಿ ನಿಲ್ಲುತ್ತದೆ. 1921ರ ಜುಲೈನಲ್ಲಿ, 40ರ ವಯಸ್ಸಿನಲ್ಲಿ, ಆ ಮಗಳೂ ತೀರಿಕೊಂಡಳು. ಮುಕ್ತಿಯ ಹೊಣೆ ಹೊರಬೇಕಿದ್ದವಳು ಅವಳು. ತಾಯಿ ಮತ್ತೆ ಪ್ರೂಫಿನ ಮುಂದೆ ಕೂತರು. ಕಿವಿ ಬಹುಪಾಲು ಕೇಳುತ್ತಿರಲಿಲ್ಲ, ಕಣ್ಣು ಇತ್ತು. ಸಂತೋಷ ಎಂಬ ಪದವನ್ನು ಆ ತಿಂಗಳುಗಳಿಗೆ ಬಳಸಲು ನನಗೆ ಹಿಂಜರಿಕೆ. ಆದರೆ ಅವರು ಕೆಲಸ ನಿಲ್ಲಿಸಲಿಲ್ಲ, ಓದುವುದನ್ನೂ ನಿಲ್ಲಿಸಲಿಲ್ಲ.

ಕಡೆಯ ಪುಟಗಳ ಪ್ರೂಫ್ ಮುಗಿಸಲು ದೇವರಲ್ಲಿ ಇನ್ನು ಹತ್ತು ದಿನ ಕೇಳಿದರು, ಹತ್ತನೆಯ ದಿನ ಮುಗಿಸಿ ಮಲಗಿದರು ಎಂದು ಮುಕ್ತಿಯವರು ಹೇಳುವ ಕಥೆ ಒಂದಿದೆ. ಭಕ್ತರು ಕಥೆಯನ್ನು ಸ್ವಲ್ಪ ತಿದ್ದಿರಬಹುದು. 1922ರ ಏಪ್ರಿಲ್ 5ರಂದು ಅವರು ನಿದ್ದೆಯಲ್ಲೇ ಹೋದರು. ಮರಾಠಿ ಚರ್ಚುಗಳಲ್ಲಿ ಬಳಕೆಗೆ ನಿಂತದ್ದು ಬೈಬಲ್ ಸೊಸೈಟಿಯ ಅನುವಾದವೇ, ರಮಾಬಾಯಿಯವರದಲ್ಲ. ಅವರ ಪೂರ್ತಿ ಬೈಬಲ್ ಹೊರಬಂದದ್ದು 1924ರಲ್ಲಿ, ಕೇಡಗಾಂವಿನ ಅದೇ ಅಚ್ಚುಕೂಟದಿಂದ. ಮೊಳೆ ಜೋಡಿಸಿ ಅದನ್ನು ಅಚ್ಚು ಹಾಕಿದವರು ಮುಕ್ತಿಯ ಹೆಂಗಸರು. ಅಲ್ಲಿಗೆ ಬಂದಾಗ ಅವರಲ್ಲಿ ಬಹುಮಂದಿಗೆ ಅಕ್ಷರ ಗೊತ್ತಿರಲಿಲ್ಲ.