ಕಿಟ್ಟೆಲ್: ನಿಲುವಂಗಿಯಿಂದ ಬಂದ ಜರ್ಮನ್ ಮನೆತನದ ಹೆಸರು

ಕರ್ನಾಟಕದಲ್ಲಿ ‘ಕಿಟ್ಟೆಲ್’ ಎಂದೊಡನೆ ವ್ಯಕ್ತಿಗಿಂತ ಮೊದಲು ಒಂದು ಪುಸ್ತಕ ನೆನಪಾಗುತ್ತದೆ. ‘ಕಿಟ್ಟೆಲ್ ನೋಡಿ’ ಎಂದು ಕನ್ನಡದ ಪ್ರಾಧ್ಯಾಪಕರು ವಿದ್ಯಾರ್ಥಿಗಳಿಗೆ ಹೇಳಿದರೆ, 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರಕಟಿಸಿದ ಸುಮಾರು 70 ಸಾವಿರ ಪದಗಳ ಕನ್ನಡ-ಇಂಗ್ಲಿಷ್ ನಿಘಂಟನ್ನು ನೋಡಿ ಎಂದೇ ಅರ್ಥ. ಭೌತಶಾಸ್ತ್ರದ ಸ್ನಾತಕೋತ್ತರ ತರಗತಿಯಲ್ಲಿ ಇದೇ ಮಾತು ಹೇಳಿದರೆ ವಿದ್ಯಾರ್ಥಿ ಬೇರೊಂದು ಪುಸ್ತಕವನ್ನು ತೆರೆಯುತ್ತಾನೆ. ಅದು ಅಮೆರಿಕದ ಚಾರ್ಲ್ಸ್ ಕಿಟ್ಟೆಲ್ ಘನಸ್ಥಿತಿ ಭೌತಶಾಸ್ತ್ರದ ಕುರಿತು ಬರೆದು, 1953ರಲ್ಲಿ ಮೊದಲು ಪ್ರಕಟವಾದ ಪಠ್ಯಪುಸ್ತಕ. ಇನ್ನು ಕ್ರೈಸ್ತ ದೇವತಾಶಾಸ್ತ್ರದ ಗ್ರಂಥಾಲಯಗಳಲ್ಲಿ ‘ಕಿಟ್ಟೆಲ್’ ಎಂದರೆ ಹೊಸ ಒಡಂಬಡಿಕೆಯ ಗ್ರೀಕ್ ಪದಗಳ ಬೃಹತ್ ಕೋಶ. ಅದರ ಸಂಪಾದಕ ಗೆರ್‌ಹಾರ್ಡ್ ಕಿಟ್ಟೆಲ್. ಈತನ ತಂದೆ ರುಡಾಲ್ಫ್ ಕಿಟ್ಟೆಲ್ ಸಂಪಾದಿಸಿದ ಹೀಬ್ರೂ ಬೈಬಲ್ಲಿಗೂ ವಿದ್ವಾಂಸರಲ್ಲಿ ಅದೇ ಹೆಸರು.

ಹೀಗೆ ನಾಲ್ಕು ಭಿನ್ನ ಗ್ರಂಥಗಳು ಒಂದೇ ಕುಲನಾಮದಿಂದ ಗುರುತಿಸಲ್ಪಡುತ್ತಿರುವುದು ಕುತೂಹಲಕರ ಸಂಗತಿ. ಈ ಕುಲನಾಮವೇನೂ ಜರ್ಮನಿಯ ಬೀದಿಬೀದಿಯಲ್ಲಿ ಕೇಳಿಬರುವಂಥದ್ದಲ್ಲ. ಹಾಗಾದರೆ ಈ ಕಿಟ್ಟೆಲ್‌ಗಳೆಲ್ಲ ಒಂದೇ ಮನೆತನದವರೇ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಹೆಸರಿನ ಮೂಲವನ್ನು ಅರಿತರೆ ಆ ಪ್ರಶ್ನೆಗೆ ಅಷ್ಟು ಸುಲಭದಲ್ಲಿ ಹೌದೆನ್ನಲಾಗದು ಎಂಬುದು ತಿಳಿಯುತ್ತದೆ.

ತೊಟ್ಟ ಬಟ್ಟೆಯೇ ಹೆಸರಾಯಿತು

ಜರ್ಮನ್ ಭಾಷೆಯಲ್ಲಿ ‘ಕಿಟ್ಟೆಲ್’ ಎಂಬುದು ಇಂದಿಗೂ ಬಳಕೆಯಲ್ಲಿರುವ ಸಾಮಾನ್ಯ ಪದ. ಮೈಮೇಲೆ ಸಡಿಲವಾಗಿ ಧರಿಸುವ ಹಗುರವಾದ ಮೇಲಂಗಿ ಎಂಬುದು ಅದರ ಅರ್ಥ. ವೈದ್ಯರು ತೊಡುವ ಬಿಳಿ ಕೋಟು, ಪ್ರಯೋಗಾಲಯದ ಸಹಾಯಕರ ಅಂಗಿ, ಕಾರ್ಖಾನೆಯ ಕೆಲಸಗಾರರ ಮೇಲುಡುಪು ಇವೆಲ್ಲವೂ ಕಿಟ್ಟೆಲ್‌ಗಳೇ. ವೈದ್ಯರ ಮುಂದೆ ಕುಳಿತಾಗ ಮಾತ್ರ ರಕ್ತದೊತ್ತಡ ಏರುವ ಸಮಸ್ಯೆಗೆ ಜರ್ಮನ್ ವೈದ್ಯಕೀಯ ಪರಿಭಾಷೆಯಲ್ಲಿರುವ ಹೆಸರಿನಲ್ಲೂ ಈ ಪದ ಸೇರಿಕೊಂಡಿದೆ. ಮಧ್ಯಕಾಲೀನ ಜರ್ಮನ್‌ನಲ್ಲಿ ಇದರ ರೂಪ ‘ಕಿಟೆಲ್’. ಹತ್ತಿಯನ್ನು ಸೂಚಿಸುವ ಅರಬ್ಬಿ ಪದದಿಂದ ಇದು ಬಂದಿರಬಹುದೆಂಬ ಅಭಿಪ್ರಾಯ ಭಾಷಾಶಾಸ್ತ್ರಜ್ಞರಲ್ಲಿದೆಯಾದರೂ ಅದು ಸರ್ವಸಮ್ಮತವಲ್ಲ.

ಯುರೋಪಿನ ಯಹೂದಿ ಸಂಪ್ರದಾಯದಲ್ಲಿ ಇದೇ ಪದಕ್ಕೆ ಪವಿತ್ರವಾದ ಅರ್ಥವೊಂದಿದೆ. ಯೋಮ್ ಕಿಪ್ಪುರ್ ಪ್ರಾಯಶ್ಚಿತ್ತದ ದಿನದಂದು ಹಾಗೂ ಪಾಸೋವರ್ ಹಬ್ಬದ ಭೋಜನದ ವೇಳೆ ಅಶ್ಕೆನಾಜಿ ಯಹೂದಿ ಪುರುಷರು ತೊಡುವ ಬಿಳಿ ನಿಲುವಂಗಿಗೆ ಕಿಟ್ಟೆಲ್ ಎಂದೇ ಹೆಸರು. ಹಲವೆಡೆ ಮದುವೆಯಲ್ಲಿ ವರನು ಇದನ್ನು ಧರಿಸುತ್ತಾನೆ. ಕೊನೆಗೆ ಸಮಾಧಿ ಮಾಡುವಾಗ ದೇಹಕ್ಕೆ ತೊಡಿಸುವುದೂ ಇದನ್ನೇ.

ಬಟ್ಟೆಯ ಹೆಸರು ಮನುಷ್ಯನ ಹೆಸರಾದದ್ದು ಹೇಗೆ? ಜರ್ಮನ್ ಕುಲನಾಮಗಳನ್ನು ವಿದ್ವಾಂಸರು ಸಾಮಾನ್ಯವಾಗಿ ಐದು ಗುಂಪುಗಳಲ್ಲಿ ವಿಂಗಡಿಸುತ್ತಾರೆ. ತಂದೆಯ ಹೆಸರು, ಕಸುಬು, ಮೂಲ ಊರು, ಮನೆಯಿದ್ದ ಜಾಗ ಹಾಗೂ ಜನರು ಕರೆದ ಅಡ್ಡಹೆಸರು. ಕಿಟ್ಟೆಲ್ ಈ ಕೊನೆಯ ಗುಂಪಿಗೆ ಸೇರಿದ್ದು. ಎದ್ದುಕಾಣುವಂಥ ನಿಲುವಂಗಿ ತೊಡುತ್ತಿದ್ದವನನ್ನೋ, ಅದನ್ನು ಹೊಲಿಯುತ್ತಿದ್ದ ದರ್ಜಿಯನ್ನೋ ನೆರೆಹೊರೆಯವರು ‘ಕಿಟ್ಟೆಲ್’ ಎಂದು ಕರೆದರು. ಅದು ಮಕ್ಕಳಿಗೂ ಅಂಟಿಕೊಂಡಿತು. ಹೊಲಿಯುವವನಿಗೆ ‘ಕಿಟ್ಲರ್’ ಎಂಬ ಪ್ರತ್ಯೇಕ ಕುಲನಾಮವೂ ಇದೆ. ಮಾಂಟೆಲ್, ಹೂಟ್, ಸ್ಟೀಫೆಲ್ ಎಂಬ ಜರ್ಮನ್ ಮನೆತನದ ಹೆಸರುಗಳ ಅರ್ಥ ಕ್ರಮವಾಗಿ ನಿಲುವಂಗಿ, ಟೋಪಿ ಮತ್ತು ಬೂಟು. 16ನೇ ಶತಮಾನದ ಧಾರ್ಮಿಕ ಸುಧಾರಕ ಯೋರ್ಗ್ ಬ್ಲೌರಾಕ್‌ಗೆ ಆ ಹೆಸರು ಬಂದದ್ದು ಆತ ತೊಟ್ಟಿದ್ದ ನೀಲಿ ಅಂಗಿಯಿಂದ. ಉತ್ತರ ಕರ್ನಾಟಕದವರಿಗೆ ಇದರಲ್ಲಿ ಅಚ್ಚರಿಯೇನೂ ಕಾಣಲಾರದು. ಅಂಗಡಿ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಅಡ್ಡಹೆಸರುಗಳ ಹಿಂದಿರುವುದೂ ಇದೇ ತರ್ಕ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ಊರೊಂದರಿಂದ ಬಂದ ಹೆಸರಾದರೆ ಅದನ್ನು ಹೊತ್ತವರ ಮೂಲ ಆ ಊರೇ ಎನ್ನಬಹುದು. ಬಟ್ಟೆಯಿಂದ ಬಂದ ಹೆಸರಿಗೆ ಅಂಥ ಒಂದೇ ಮೂಲವಿಲ್ಲ. ನಿಲುವಂಗಿ ತೊಟ್ಟವನು ಎಲ್ಲಿ ಬೇಕಾದರೂ ಇರಬಹುದಾದ್ದರಿಂದ, ಪರಸ್ಪರ ಸಂಬಂಧವಿಲ್ಲದ ಕುಟುಂಬಗಳಿಗೆ ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಕಾಲದಲ್ಲಿ ಈ ಹೆಸರು ಬಂದಿರಲು ಸಾಧ್ಯವಿದೆ.

ಫ್ರೀಸಿಯಾದಲ್ಲಿ ಹೊರಗಿನ ಹೆಸರು

ನಿಘಂಟುಕಾರ ಫರ್ಡಿನಾಂಡ್ ಕಿಟ್ಟೆಲ್ ಹುಟ್ಟಿದ್ದು 1832ರ ಏಪ್ರಿಲ್‌ನಲ್ಲಿ, ಜರ್ಮನಿಯ ವಾಯವ್ಯ ತುದಿಯ ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಪುಟ್ಟ ಹಳ್ಳಿಯಲ್ಲಿ. ತಂದೆ ಚರ್ಚಿನ ಪಾದ್ರಿ. ಆದರೆ ಕಿಟ್ಟೆಲ್ ಎಂಬುದು ಫ್ರೀಸಿಯಾದ ಜಾಯಮಾನದ ಹೆಸರಲ್ಲ. ಅಲ್ಲಿ ಶತಮಾನಗಳ ಕಾಲ ಕುಲನಾಮವೇ ಇರಲಿಲ್ಲ ಎನ್ನಬೇಕು. ತಂದೆಯ ಹೆಸರೇ ಮಕ್ಕಳ ಎರಡನೆಯ ಹೆಸರಾಗುತ್ತಿತ್ತು. ಯಾನ್‌ನ ಮಗ ಯಾನ್ಸೆನ್, ಹಾರ್ಮ್‌ನ ಮಗ ಹಾರ್ಮ್ಸ್. ಮುಂದಿನ ಪೀಳಿಗೆಗೆ ಮತ್ತೆ ಬೇರೆ ಹೆಸರು. ಹಳೆ ಮೈಸೂರಿನ ಇನಿಷಿಯಲ್ ಪದ್ಧತಿಗೆ ಇದು ಹತ್ತಿರದ್ದು. 1811ರಲ್ಲಿ, ಪೂರ್ವ ಫ್ರೀಸಿಯಾ ನೆಪೋಲಿಯನ್ನನ ಸಾಮ್ರಾಜ್ಯದ ಭಾಗವಾಗಿದ್ದಾಗ, ಎಲ್ಲರೂ ಶಾಶ್ವತ ಕುಲನಾಮ ಹೊಂದಬೇಕೆಂಬ ಆಜ್ಞೆ ಹೊರಟಿತು. ಜನರು ತಕ್ಷಣಕ್ಕೆ ಅದಕ್ಕೆ ಬಗ್ಗಲಿಲ್ಲ. ಹೀಗಾಗಿ ಯಾನ್ಸೆನ್‌ಗಳೇ ತುಂಬಿದ್ದ ಪ್ರದೇಶದಲ್ಲಿ ಪಾದ್ರಿಯ ಮನೆಯ ‘ಕಿಟ್ಟೆಲ್’ ಎಂಬ ಹೆಸರು ಪ್ರತ್ಯೇಕವಾಗಿ ಕಾಣುತ್ತಿದ್ದಿರಬೇಕು.

ಇಡೀ ಜರ್ಮನಿಯಲ್ಲಿ ಕುಲನಾಮ ಹಾಗೂ ಅದರ ಕಾಗುಣಿತ ಗಟ್ಟಿಯಾಗಿ ನೆಲೆಗೊಂಡದ್ದು ಇನ್ನೂ ತಡವಾಗಿ. 1875ರ ಕಾಯ್ದೆಯ ಪ್ರಕಾರ 1876ರ ಜನವರಿ 1ರಿಂದ ಜನನ, ವಿವಾಹ ಮತ್ತು ಮರಣಗಳ ನೋಂದಣಿ ಚರ್ಚಿನ ಕೈಯಿಂದ ಸರ್ಕಾರಿ ಕಚೇರಿಗೆ ಬಂದಿತು. ಆನಂತರ ಗುಮಾಸ್ತನು ಬರೆದದ್ದೇ ಹೆಸರು.

ಸ್ಯಾಕ್ಸನಿಯಿಂದ ಬೊಹಿಮಿಯಾವರೆಗೆ

ಹೆಸರಿನ ನಿಜವಾದ ಬೀಡು ಜರ್ಮನಿಯ ಪೂರ್ವ ಭಾಗ. ಸ್ಯಾಕ್ಸನಿ, ಥುರಿಂಗಿಯಾ, ಗಡಿಯಾಚೆಗಿನ ಉತ್ತರ ಬೊಹಿಮಿಯಾ ಹಾಗೂ ಸಿಲೇಸಿಯಾ ಪ್ರದೇಶಗಳ ಇತಿಹಾಸದಲ್ಲಿ ಕಿಟ್ಟೆಲ್‌ಗಳು ಮತ್ತೆ ಮತ್ತೆ ಎದುರಾಗುತ್ತಾರೆ. ಸ್ಯಾಕ್ಸನಿಯ ಲೌವೆನ್‌ಸ್ಟೈನ್‌ನಲ್ಲಿ 1603ರಲ್ಲಿ ಹುಟ್ಟಿದ ಕಾಸ್ಪರ್ ಕಿಟ್ಟೆಲ್ ಡ್ರೆಸ್ಡೆನ್ ಆಸ್ಥಾನದ ಸಂಗೀತಗಾರ. ಹೈನ್ರಿಚ್ ಶ್ಯೂಟ್ಸ್‌ನ ಶಿಷ್ಯ. ಥುರಿಂಗಿಯಾದ ಎರ್‌ಫುರ್ಟ್‌ನಲ್ಲಿ 1732ರಲ್ಲಿ ಜನಿಸಿದ ಯೋಹಾನ್ ಕ್ರಿಶ್ಚಿಯನ್ ಕಿಟ್ಟೆಲ್, ಮಹಾನ್ ಸಂಗೀತ ರಚನಕಾರ ಬಾಖ್‌ನ ಕೊನೆಯ ಶಿಷ್ಯರಲ್ಲೊಬ್ಬ. ಅದೇ ಎರ್‌ಫುರ್ಟ್‌ಗೆ ಸಮೀಪದ ಆರ್ನ್‌ಸ್ಟಾಟ್‌ನಲ್ಲಿ 1988ರಲ್ಲಿ ಹುಟ್ಟಿದವರು ಸೈಕ್ಲಿಂಗ್ ತಾರೆ ಮಾರ್ಸೆಲ್ ಕಿಟ್ಟೆಲ್. 2019ರಲ್ಲಿ ನಿವೃತ್ತರಾಗುವ ಮುನ್ನ ಅವರು ಟೂರ್ ಡಿ ಫ್ರಾನ್ಸ್ ಸ್ಪರ್ಧೆಯ 14 ಹಂತಗಳನ್ನು ಗೆದ್ದಿದ್ದರು.

ಬೊಹಿಮಿಯಾದ ಯೀಜೆರಾ ಬೆಟ್ಟಗಳಲ್ಲಿ 18ನೇ ಶತಮಾನದಲ್ಲಿದ್ದ ವೈದ್ಯ ಯೋಹಾನ್ ಯೋಸೆಫ್ ಕಿಟ್ಟೆಲ್‌ನದು ಇನ್ನೊಂದು ಬಗೆಯ ಖ್ಯಾತಿ. ಗಿಡಮೂಲಿಕೆಗಳಿಂದ ಜನರನ್ನು ಗುಣಪಡಿಸುತ್ತಿದ್ದ ಈತ ಸೈತಾನನೊಡನೆ ಒಪ್ಪಂದ ಮಾಡಿಕೊಂಡಿದ್ದನೆಂಬ ದಂತಕಥೆಗಳು ಹುಟ್ಟಿಕೊಂಡು, ‘ಯೀಜೆರಾ ಬೆಟ್ಟಗಳ ಫೌಸ್ಟ್’ ಎಂಬ ಬಿರುದೂ ಬಂದಿತು. ಇಂದು ಜೆಕ್ ಗಣರಾಜ್ಯಕ್ಕೆ ಸೇರಿರುವ ಕ್ರಾಸ್ನಾ ಗ್ರಾಮದಲ್ಲಿ ಆತನ ನೆನಪಿಗೆ ವಸ್ತುಸಂಗ್ರಹಾಲಯವಿದೆ.

ಆದರೆ ಆ ಬೆಟ್ಟಗಳಲ್ಲಿ ಜರ್ಮನ್ ಮಾತನಾಡುವವರು ಇಂದು ಬಹುತೇಕ ಇಲ್ಲ. ಎರಡನೇ ಮಹಾಯುದ್ಧದ ನಂತರ ಚೆಕೊಸ್ಲೊವಾಕಿಯಾದಿಂದ ಸುಮಾರು 30 ಲಕ್ಷ ಜರ್ಮನ್ನರನ್ನು ಹೊರಹಾಕಲಾಯಿತು. ಪೋಲೆಂಡಿಗೆ ಸೇರಿದ ಸಿಲೇಸಿಯಾದಿಂದಲೂ ಜನ ಗುಳೆ ಹೊರಟರು. ಎರಡು-ಮೂರು ಟ್ರಂಕುಗಳೊಂದಿಗೆ ಬಂದ ಈ ನಿರಾಶ್ರಿತರು ಬವೇರಿಯಾ, ಹೆಸ್ಸೆ, ಸ್ಯಾಕ್ಸನಿ ಎಂದು ಎಲ್ಲೆಡೆ ಚದುರಿದರು; ಅವರೊಂದಿಗೆ ಅವರ ಕುಲನಾಮಗಳೂ ಚದುರಿದವು. ಪಶ್ಚಿಮ ಜರ್ಮನಿಯ ಯಾವುದೋ ಊರಿನಲ್ಲಿ ಇಂದು ಕಾಣಸಿಗುವ ಕಿಟ್ಟೆಲ್ ಕುಟುಂಬದ ಬೇರು ನೂರಾರು ಕಿಲೋಮೀಟರ್ ಪೂರ್ವದಲ್ಲಿ, ಈಗ ಬೇರೊಂದು ಭಾಷೆಯ ಹೆಸರಿರುವ ಹಳ್ಳಿಯೊಂದರಲ್ಲಿ ಇರಬಹುದು.

ಎಷ್ಟು ಮಂದಿ?

ಜರ್ಮನಿಯಲ್ಲಿ ಕುಲನಾಮಗಳನ್ನು ಎಣಿಸಲು ವಿದ್ವಾಂಸರು ಹಿಡಿದ ದಾರಿ ದೂರವಾಣಿಯದು. ಫ್ರೈಬುರ್ಗ್‌ನ ಕೊನ್ರಾಡ್ ಕುಂಜೆ ಮತ್ತು ಮೈನ್ಸ್‌ನ ಡಾಮಾರಿಸ್ ನ್ಯೂಬ್ಲಿಂಗ್ ನೇತೃತ್ವದ ಜರ್ಮನ್ ಕುಲನಾಮ ಭೂಪಟ ಯೋಜನೆಯು 2005ರ ಸ್ಥಿರ ದೂರವಾಣಿ ಸಂಪರ್ಕಗಳ ಪಟ್ಟಿಯನ್ನೇ ಆಧಾರವಾಗಿಟ್ಟುಕೊಂಡಿತು. ಸುಮಾರು 2.8 ಕೋಟಿ ಸಂಪರ್ಕಗಳಲ್ಲಿ ಸುಮಾರು 8.5 ಲಕ್ಷ ಭಿನ್ನ ಕುಲನಾಮಗಳು ದೊರೆತವು. ಮೊದಲ ಸ್ಥಾನದಲ್ಲಿದ್ದ ಮ್ಯೂಲರ್, ಅಂದರೆ ಗಿರಣಿಯವನು, ಎಂಬ ಹೆಸರಿನಲ್ಲಿಯೇ 2.5 ಲಕ್ಷಕ್ಕೂ ಹೆಚ್ಚು ಸಂಪರ್ಕಗಳಿದ್ದವು. ಒಂದು ಸಂಪರ್ಕಕ್ಕೆ ಮೂರರ ಸಮೀಪದಷ್ಟು ಜನ ಎಂದು ಲೆಕ್ಕ ಹಾಕಿ ಜನಸಂಖ್ಯೆಯನ್ನು ಅಂದಾಜಿಸುವುದು ವಾಡಿಕೆ. 2005ರ ನಂತರ ಮೊಬೈಲ್ ಫೋನಿನ ಹಾವಳಿಯಿಂದ ಡೈರೆಕ್ಟರಿಗಳು ಸೊರಗಿದ ಕಾರಣ, ಅಷ್ಟು ಸಮಗ್ರವಾದ ಪಟ್ಟಿ ಮತ್ತೆ ಸಿಗುವಂತಿಲ್ಲ.

ಈ ಅಳತೆಗೋಲಿನಲ್ಲಿ ಕಿಟ್ಟೆಲ್ ಎಂಬ ಹೆಸರಿನವರು ಕೆಲವೇ ಸಾವಿರ ಮಂದಿ. 8 ಕೋಟಿಗೂ ಮೀರಿದ ಜನರ ದೇಶದಲ್ಲಿ ಇದು ಸಣ್ಣ ಸಂಖ್ಯೆ. ಬೆರಳೆಣಿಕೆಯಷ್ಟು ಮನೆಗಳಲ್ಲಿ ಉಳಿದು ಅಳಿವಿನಂಚಿನಲ್ಲಿರುವ ಹೆಸರುಗಳ ಸಾಲಿಗೆ ಇದನ್ನು ಸೇರಿಸುವುದು ಮಾತ್ರ ಅತಿಶಯೋಕ್ತಿಯಾದೀತು. ವಂಶವೃಕ್ಷ ಹುಡುಕುವವರಿಗೆ ಇನ್ನೊಂದು ಆಕರವೂ ಇದೆ. ಅದು ಮೊದಲ ಮಹಾಯುದ್ಧದಲ್ಲಿ ಮಡಿದ, ಗಾಯಗೊಂಡ, ಕಾಣೆಯಾದ ಜರ್ಮನ್ ಸೈನಿಕರ ಪಟ್ಟಿ. ಸ್ವಯಂಸೇವಕರು ಗಣಕೀಕರಿಸಿರುವ ಈ ಪಟ್ಟಿಯಲ್ಲಿ ಸುಮಾರು 85 ಲಕ್ಷ ನಮೂದುಗಳಿವೆ. 1945ರ ಚದುರುವಿಕೆಗೆ ಮುನ್ನ ಯಾವ ಹೆಸರು ಎಲ್ಲಿತ್ತು ಎಂಬುದನ್ನು ತಿಳಿಯಲು ಇದಕ್ಕಿಂತ ಉಪಯುಕ್ತವಾದ ಆಕರ ಇನ್ನೊಂದಿಲ್ಲ. ಸಾವಿನ ಲೆಕ್ಕವು ಹೀಗೆ ಹೆಸರುಗಳ ಲೆಕ್ಕವಾಗಿ ಉಪಯೋಗಕ್ಕೆ ಬಂದಿರುವುದು ವಿಪರ್ಯಾಸವೇ ಸರಿ.

ಒಂದೇ ಊರಿನ ಇಬ್ಬರು ಕಿಟ್ಟೆಲ್‌ಗಳು

ಹೆಸರು ವಿರಳವಾದಷ್ಟೂ ಅದನ್ನು ಹೊತ್ತವರೆಲ್ಲ ಬಂಧುಗಳೆಂಬ ಊಹೆ ಬಲವಾಗುತ್ತದೆ. ಈ ಊಹೆಯ ಅಪಾಯ ಕನ್ನಡಿಗರಿಗೆ ನೇರವಾಗಿ ಸಂಬಂಧಿಸಿದ್ದು. 1853ರಲ್ಲಿ ಬಾಸೆಲ್ ಮಿಷನ್ ಪರವಾಗಿ ಭಾರತಕ್ಕೆ ಬಂದು ಧಾರವಾಡ, ಮಂಗಳೂರು, ಮಡಿಕೇರಿಗಳಲ್ಲಿ ನೆಲೆಸಿದ್ದ ಫರ್ಡಿನಾಂಡ್ ಕಿಟ್ಟೆಲ್ ಕೊನೆಗೆ ನೆಲೆನಿಂತದ್ದು ದಕ್ಷಿಣ ಜರ್ಮನಿಯ ಟ್ಯೂಬಿಂಗೆನ್‌ನಲ್ಲಿ. ಅಲ್ಲಿನ ವಿಶ್ವವಿದ್ಯಾಲಯ 1896ರಲ್ಲಿ ಅವರಿಗೆ ಗೌರವ ಡಾಕ್ಟರೇಟ್ ನೀಡಿತು. 1903ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡದ್ದೂ ಅಲ್ಲಿಯೇ.

1926ರಲ್ಲಿ ಅದೇ ವಿಶ್ವವಿದ್ಯಾಲಯಕ್ಕೆ ಪ್ರಾಧ್ಯಾಪಕನಾಗಿ ಬಂದವನು ಗೆರ್‌ಹಾರ್ಡ್ ಕಿಟ್ಟೆಲ್. 1933ರಲ್ಲಿ ಆತ ನಾತ್ಸಿ ಪಕ್ಷ ಸೇರಿ, ಯಹೂದಿಯರ ನಾಗರಿಕ ಹಕ್ಕುಗಳನ್ನು ಕಿತ್ತುಕೊಳ್ಳುವುದನ್ನು ಸಮರ್ಥಿಸುವ ಉಪನ್ಯಾಸ ನೀಡಿ ಪ್ರಕಟಿಸಿದ. ಆತನ ಗ್ರೀಕ್ ಪದಕೋಶದ ಮೊದಲ ಸಂಪುಟ ಹೊರಬಂದದ್ದೂ ಅದೇ ವರ್ಷ. 1945ರಲ್ಲಿ ಫ್ರೆಂಚ್ ಪಡೆಗಳು ಆತನನ್ನು ಬಂಧಿಸಿದವು. 1948ರಲ್ಲಿ ಆತ ಮೃತಪಟ್ಟ. ಒಂದೇ ಊರು, ಒಂದೇ ಕುಲನಾಮ, ಇಬ್ಬರೂ ಕೋಶಕಾರರು, ಇಬ್ಬರೂ ಕ್ರೈಸ್ತ ವಿದ್ವಾಂಸರು. ಗೊಂದಲಕ್ಕೆ ಇದಕ್ಕಿಂತ ಹೆಚ್ಚಿನ ಆಸ್ಪದ ಬೇಕಿಲ್ಲ. ಆದರೆ ಕನ್ನಡದ ಕಿಟ್ಟೆಲ್ ತೀರಿಕೊಂಡಾಗ ಗೆರ್‌ಹಾರ್ಡ್ 15 ವರ್ಷದ ಬಾಲಕ. ಗೆರ್‌ಹಾರ್ಡ್‌ನ ತಂದೆ ರುಡಾಲ್ಫ್ ಹುಟ್ಟಿದ್ದು ವುರ್ಟೆಂಬರ್ಗ್‌ನ ಎನಿಂಗೆನ್‌ನಲ್ಲಿ, ಫ್ರೀಸಿಯಾದ ಕರಾವಳಿಯಿಂದ ಬಹುದೂರ.

ಇಂಥ ಜೋಡಿ ಇನ್ನೂ ಒಂದಿದೆ. ಬರ್ಲಿನ್‌ನಲ್ಲಿ 1902ರಲ್ಲಿ ತನ್ನ ಹೆಸರಿನ ಗಾಯಕವೃಂದವನ್ನು ಕಟ್ಟಿದ ಸಂಗೀತ ನಿರ್ದೇಶಕ ಬ್ರೂನೊ ಕಿಟ್ಟೆಲ್ ಒಬ್ಬ. 1943ರಲ್ಲಿ ವಿಲ್ನಾ ನಗರದ ಯಹೂದಿ ಘೆಟ್ಟೊವನ್ನು ನಾಶಗೊಳಿಸಿದ ನಾತ್ಸಿ ಅಧಿಕಾರಿ ಬ್ರೂನೊ ಕಿಟ್ಟೆಲ್ ಮತ್ತೊಬ್ಬ. ಹೆಸರನ್ನಷ್ಟೇ ನೋಡಿ ಚರಿತ್ರೆ ಬರೆಯುವವರು ಇಲ್ಲಿ ಎಡವುವುದು ಖಚಿತ.

ಎರಡು ‘ಟ’ಗಳ ಕಥೆ

ಕನ್ನಡದಲ್ಲಿ ಈ ಹೆಸರನ್ನು ಕಿಟ್ಟೆಲ್, ಕಿಟೆಲ್, ಕಿಟ್ಟಲ್ ಎಂದು ಮೂರು ಬಗೆಯಲ್ಲಿ ಬರೆಯಲಾಗುತ್ತದೆ. ರೋಮನ್ ಲಿಪಿಯಲ್ಲಿ ‘ಟಿ’ ಅಕ್ಷರ ಎರಡು ಬಾರಿ ಬರುತ್ತದೆ. ಜರ್ಮನ್ ಕಾಗುಣಿತದಲ್ಲಿ ಅದರ ಉದ್ದೇಶ ಹಿಂದಿನ ಸ್ವರ ಹ್ರಸ್ವವೆಂದು ತಿಳಿಸುವುದಷ್ಟೇ. ವ್ಯಂಜನವನ್ನು ಒತ್ತಿ ಹೇಳುವುದಲ್ಲ. ಆದರೆ ದ್ವಿತ್ವಾಕ್ಷರಕ್ಕೆ ಒಗ್ಗಿದ ಕನ್ನಡದ ಕಿವಿ ಅದನ್ನು ‘ಟ್ಟ’ ಎಂದೇ ಗ್ರಹಿಸಿತು. ಕೇಶಿರಾಜನ ಶಬ್ದಮಣಿದರ್ಪಣವನ್ನೂ ನಾಗವರ್ಮನ ಛಂದೋಂಬುಧಿಯನ್ನೂ ಸಂಪಾದಿಸಿದ ವ್ಯಾಕರಣಜ್ಞನ ಹೆಸರಿಗೇ ಕನ್ನಡವು ತನ್ನ ಒತ್ತಕ್ಷರವನ್ನು ಸೇರಿಸಿಕೊಂಡಿತು ಎನ್ನಬಹುದು. ಧಾರವಾಡದ ಕಿಟ್ಟೆಲ್ ಕಾಲೇಜಿನ ನಾಮಫಲಕದಲ್ಲೂ ನೆಲೆಯೂರಿರುವುದು ಈ ಒತ್ತಿನ ರೂಪವೇ.

ಜರ್ಮನಿಯಲ್ಲಾದರೋ ಕುಲನಾಮದ ನಿಯಮಗಳು ಮತ್ತೊಮ್ಮೆ ಬದಲಾಗಿವೆ. 1976ರವರೆಗೆ ವಿವಾಹವಾದ ಸ್ತ್ರೀಗೆ ಗಂಡನ ಹೆಸರೇ ಕುಟುಂಬದ ಹೆಸರಾಗುತ್ತಿದ್ದುದರಿಂದ, ಹೆಣ್ಣುಮಕ್ಕಳಷ್ಟೇ ಇದ್ದ ಮನೆಗಳಲ್ಲಿ ವಿರಳ ಹೆಸರುಗಳು ಕೊನೆಗೊಳ್ಳುತ್ತಿದ್ದವು. 1994ರಿಂದ ದಂಪತಿ ತಮ್ಮ ತಮ್ಮ ಹೆಸರನ್ನೇ ಉಳಿಸಿಕೊಳ್ಳಲು ಅವಕಾಶವಾಯಿತು. 2025ರ ಮೇ 1ರಿಂದ ಜಾರಿಗೆ ಬಂದಿರುವ ಕಾಯ್ದೆಯ ಪ್ರಕಾರ ಗಂಡ-ಹೆಂಡತಿ ಇಬ್ಬರೂ ಜೋಡಿ ಕುಲನಾಮ ಹೊಂದಬಹುದು, ಅದನ್ನು ಮಕ್ಕಳಿಗೂ ಕೊಡಬಹುದು. ಫ್ರೀಸಿಯನ್ನರು ತಂದೆ ಅಥವಾ ತಾಯಿಯ ಹೆಸರಿನಿಂದ ಮಗುವಿನ ಕುಲನಾಮ ರೂಪಿಸುವ ತಮ್ಮ ಹಳೆಯ ಪದ್ಧತಿಗೆ ಮರಳಲೂ ಇದೇ ಕಾಯ್ದೆ ಅನುಮತಿ ನೀಡಿದೆ.