ಆತ್ಮನಿರೀಕ್ಷೆ: ಬಾಗಲಕೋಟೆ ಸೀಮೆಯ ಪರಂಪರೆ

ತನ್ನ ಮನಸ್ಸಿನ ಹರಿದಾಟವನ್ನೂ ನಡೆಯ ಹಿಂದಿನ ಉದ್ದೇಶವನ್ನೂ ತಾನೇ ಪರೀಕ್ಷಿಸಿಕೊಳ್ಳುವ ಕ್ರಮ. ಆತ್ಮಾವಲೋಕನ ಎಂಬ ಹೆಸರೂ ಬಳಕೆಯಲ್ಲಿದೆ. ಧ್ಯಾನ ಮನಸ್ಸನ್ನು ನಿಲ್ಲಿಸಲು ಹೊರಡುತ್ತದೆ. ಆತ್ಮನಿರೀಕ್ಷೆ ಅದನ್ನು ವಿಚಾರಣೆಗೆ ಗುರಿಮಾಡುತ್ತದೆ. ಇಂದಿನ ಬಾಗಲಕೋಟೆ ಜಿಲ್ಲೆಯ ಬಾದಾಮಿ, ಹುನಗುಂದ, ಇಳಕಲ್ಲ ಭಾಗಗಳಲ್ಲಿ ಈ ವಿಚಾರಣೆ ಏಕಾಂತದಲ್ಲಷ್ಟೇ ಉಳಿಯದೆ, ಕೇಳುವವರೊಬ್ಬರ ಎದುರು ನಡೆಯುವ ಪದ್ಧತಿಯಾಗಿ ಬೆಳೆದಿರುವುದು ಗಮನಾರ್ಹ.

ಜೈನ ಹಿನ್ನೆಲೆ

ಬಾದಾಮಿಯ ಮೇಣಬಸದಿಗಳಲ್ಲಿ ನಾಲ್ಕನೆಯದು ಜೈನರದು. ಪಾರ್ಶ್ವನಾಥ, ಬಾಹುಬಲಿಯರ ದೊಡ್ಡ ಉಬ್ಬುಶಿಲ್ಪಗಳು ಅಲ್ಲಿವೆ. 578ರ ಶಾಸನವಿರುವ ಮೂರನೆಯ ಗುಹೆಗಿಂತ ಇದು ಈಚಿನದೆಂದು ಸಾಮಾನ್ಯವಾಗಿ ಭಾವಿಸಲಾಗಿದೆ. ಜೈನ ಮುನಿಗಳ ನಿತ್ಯವಿಧಿಗಳಲ್ಲಿ ಪ್ರತಿಕ್ರಮಣವೂ ಒಂದು: ಆದ ದೋಷಗಳನ್ನು ನೆನೆದು, ಗುರುವಿನ ಮುಂದೆ ಹೇಳಿಕೊಂಡು, ಅವುಗಳಿಂದ ಹಿಂದಿರುಗುವುದು. ವಚನಕಾರರು ಇದನ್ನೇ ಮುಂದುವರಿಸಿದರೆಂದು ಹೇಳಲು ಆಧಾರ ಸಾಲದು.

ವಚನಗಳಲ್ಲಿ

ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ ಹುನಗುಂದ ಸೀಮೆಯಲ್ಲಿದೆ. 12ನೆಯ ಶತಮಾನದ ಬಸವಣ್ಣ ವಿದ್ಯೆ ಕಲಿತದ್ದು ಇಲ್ಲಿ ಎಂಬುದು ಪರಂಪರೆಯ ನಂಬಿಕೆ. ಇಲ್ಲಿಯ ದೈವವೇ ಅವನ ವಚನಗಳ ಅಂಕಿತ. ಕಲ್ಯಾಣದ ಅರಸ ಬಿಜ್ಜಳನ ಆಡಳಿತದಲ್ಲಿ ಉನ್ನತ ಅಧಿಕಾರ ಹೊಂದಿದ್ದ ಈ ವ್ಯಕ್ತಿಯ ವಚನಗಳಲ್ಲಿ ಮತ್ತೆ ಮತ್ತೆ ಕಟಕಟೆಗೆ ಬರುವವನು ಸ್ವತಃ ಅವನೇ. ಪೂಜೆಯಲ್ಲಿ ತೋರಿಕೆ ಎಷ್ಟು, ದಾನದಲ್ಲಿ ಹೆಸರಿನ ಆಸೆ ಎಷ್ಟು, ಹೊಗಳಿಕೆ ಕೇಳಿದಾಗ ಒಳಗೆ ಹಿಗ್ಗುವವರು ಯಾರು ಎಂಬ ಪ್ರಶ್ನೆಗಳನ್ನು ಅವನು ತನಗೇ ಹಾಕಿಕೊಳ್ಳುತ್ತಾನೆ. ಆದರೆ ವಚನ ಮುಚ್ಚಿಟ್ಟ ದಿನಚರಿಯಲ್ಲ, ಶರಣರ ನಡುವೆ ಆಡಿದ ಮಾತು. ತಪ್ಪನ್ನು ಒಪ್ಪಿಕೊಳ್ಳುವವನು ಮರುದಿನವೂ ಅದೇ ಜನರ ಜೊತೆ ಬಾಳಬೇಕು. ಒಪ್ಪಿಗೆಗೆ ತೂಕ ಬರುವುದು ಅಲ್ಲಿಂದ.

ಈ ಪದ್ಧತಿ ಪೂಜೆಯಿಂದ ದುಡಿಮೆಗೂ ಹಬ್ಬಿತೆಂಬುದಕ್ಕೆ ಶರಣ ದಂಪತಿ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರ ಪ್ರಸಂಗ ಮುಖ್ಯ ಸಾಕ್ಷಿ. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಅವರ ಕಾಯಕ. ಒಂದು ದಿನ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಈ ಆಸೆ ಎಲ್ಲಿಂದ ಬಂತೆಂದು ಲಕ್ಕಮ್ಮ ಪ್ರಶ್ನಿಸಿ, ಹೆಚ್ಚಿನದನ್ನು ತಿರುಗಿ ಸುರಿದು ಬರಲು ಹೇಳುತ್ತಾಳೆ. ಅಕ್ಕಿ ಕದ್ದದ್ದಲ್ಲ, ಹೋಗುವುದೂ ದಾಸೋಹಕ್ಕೇ. ಕೃತ್ಯದಲ್ಲಿ ದೋಷವಿಲ್ಲದಿದ್ದರೂ ಉದ್ದೇಶವನ್ನು ಸೋಸಿ ನೋಡುವ ಈ ಸೂಕ್ಷ್ಮ, ಅದೂ ಗಂಡನ ಮನಸ್ಸನ್ನು ಹೆಂಡತಿ ಪರೀಕ್ಷಿಸುವ ರೀತಿ, ಮಧ್ಯಕಾಲೀನ ಸಾಹಿತ್ಯದಲ್ಲಿ ಅಪರೂಪ.

ವಚನಗಳನ್ನು ಹೀಗೆ ಆತ್ಮನಿರೀಕ್ಷೆಯಾಗಿ ಓದುವುದಕ್ಕೆ ಎರಡು ಆಕ್ಷೇಪಗಳಿವೆ. ಆತ್ಮನಿಂದೆ ಭಕ್ತಿಕಾವ್ಯದ ರೂಢಿ, ತಮಿಳು ಶೈವರಲ್ಲೂ ಕಾಣುವಂಥದು ಎಂಬುದು ಮೊದಲನೆಯದು. ಮಾತು ನಿಜ, ಆದರೆ ರೂಢಿಯ ನಿಂದೆ ತಾನು ಪಾಪಿ ಎಂದು ಒಟ್ಟಾಗಿ ಹೇಳಿ ಮುಗಿಸುತ್ತದೆ, ಇಂಥ ಕೆಲಸದಲ್ಲಿ ಇಂಥ ಆಸೆ ಇಣುಕಿತು ಎಂದು ಬೆರಳಿಟ್ಟು ತೋರಿಸುವುದಿಲ್ಲ. ಎರಡನೆಯದು ಹೆಚ್ಚು ಗಂಭೀರ: ವಚನಗಳನ್ನು ಕಟ್ಟುಗಳಾಗಿ ಸಂಕಲಿಸಿ, ಶೂನ್ಯಸಂಪಾದನೆಗಳಲ್ಲಿ ಸಂವಾದವಾಗಿ ಜೋಡಿಸುವ ಕೆಲಸ ಮುಖ್ಯವಾಗಿ 15ನೆಯ ಶತಮಾನದಿಂದೀಚೆಗೆ ನಡೆಯಿತು; ಫ.ಗು. ಹಳಕಟ್ಟಿಯವರು ಓಲೆಗರಿಗಳಿಂದ ಸಂಪಾದಿಸಿದ ‘ವಚನಶಾಸ್ತ್ರಸಾರ’ ಅಚ್ಚಾದದ್ದು 1923ರಲ್ಲಿ. ಆದ್ದರಿಂದ ಒಂದೊಂದು ವಚನವನ್ನೂ ವ್ಯಕ್ತಿಯ ಆತ್ಮಚರಿತ್ರೆಯಾಗಿ ಓದುವುದು ಅಪಾಯಕರ. ಆದರೂ ಸಂಕಲನಕಾರರು ತಮ್ಮ ಪೂಜ್ಯರ ಬಾಯಲ್ಲಿ ಅವರದೇ ಕುಂದುಗಳನ್ನು ಅಳಿಸದೆ ಉಳಿಸಿಕೊಂಡರು ಎಂಬುದೇ ಆ ಸಮುದಾಯ ಯಾವುದನ್ನು ಹಿರಿಮೆಯೆಂದು ಎಣಿಸಿತೆಂದು ತಿಳಿಸುತ್ತದೆ.

ಈಚಿನ ರೂಪಗಳು

ಬಾದಾಮಿಯ ಬಳಿ ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಸ್ಥಾಪಿಸಿದ ಶಿವಯೋಗಮಂದಿರ ವಟುಗಳಿಗೆ ಯೋಗ, ಶಾಸ್ತ್ರಗಳ ಶಿಕ್ಷಣ ನೀಡುತ್ತ ಬಂದಿದೆ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಡುವ ಸಾಧನೆ ಧ್ಯಾನದ ಕಡೆಗೆ ಸೇರುವುದರಿಂದ ಇಲ್ಲಿ ವಿಸ್ತರಿಸಿಲ್ಲ. ಸಾಕ್ಷಿಯ ಎದುರು ಒಪ್ಪಿಕೊಳ್ಳುವ ಪದ್ಧತಿ ಸ್ಪಷ್ಟವಾಗಿ ಮತ್ತೆ ಕಾಣುವುದು ಇಳಕಲ್ಲದಲ್ಲಿ. ಚಿತ್ತರಗಿ-ಇಳಕಲ್ಲ ವಿಜಯಮಹಾಂತೇಶ ಮಠದ ಮಹಾಂತ ಸ್ವಾಮಿಗಳು 1975ರಲ್ಲಿ ‘ಮಹಾಂತ ಜೋಳಿಗೆ’ ಆರಂಭಿಸಿ, ಊರೂರು ತಿರುಗಿ, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಚಟವನ್ನು ಜೋಳಿಗೆಗೆ ಹಾಕುವವನು ಅದು ತನ್ನಲ್ಲಿದೆಯೆಂದು ಊರವರ ಮುಂದೆ ಮೊದಲು ಒಪ್ಪಬೇಕು. ಲಕ್ಕಮ್ಮನ ಪ್ರಶ್ನೆಯಷ್ಟು ಆಳಕ್ಕೆ ಇದು ಇಳಿಯುವುದಿಲ್ಲ. ಚಟ ಬಿಡಲು ಕೇಳುತ್ತದೆ, ಅದು ಏಕೆ ಅಂಟಿತೆಂದು ಕೆದಕುವುದಿಲ್ಲ. ಸ್ವಾಮಿಗಳ ಜನ್ಮದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತಿದೆ.