ಮುಲ್ಕಿಯ ಕುಂದರನ್, ಮದರಾಸಿನ 192

ನಾನಿರೋ ವಡಪಳನಿಯಲ್ಲಿ ಮೆಟ್ರೋ ಹತ್ತಿದರೆ ಬದಲಾಯಿಸದೆ ಸೆಂಟ್ರಲ್‌ಗೆ ಹೋಗಬಹುದು. ಅಲ್ಲಿಂದ ನಡೆದು ಹೋಗುವಷ್ಟು ದೂರದಲ್ಲೇ ನೆಹರೂ ಸ್ಟೇಡಿಯಂ. ಇವತ್ತು ಅದು ಫುಟ್‌ಬಾಲ್ ಜಾಗ. ಆದರೆ 1956ರಿಂದ 1965ರವರೆಗೆ ಮದರಾಸಿನ ಟೆಸ್ಟ್ ಪಂದ್ಯಗಳು ನಡೆದದ್ದು ಚೆಪಾಕ್‌ನಲ್ಲಲ್ಲ, ಇಲ್ಲಿ. ಆಗಿನ ಹೆಸರು ಕಾರ್ಪೊರೇಷನ್ ಸ್ಟೇಡಿಯಂ.

ಇವತ್ತಿನ ಮಾತು ಬುಧಿ ಕುಂದರನ್ ಬಗ್ಗೆ. ಆಫೀಸಿನಲ್ಲಿ ಹೆಸರು ಹೇಳಿದಾಗ ಎಲ್ಲರೂ ತಮಿಳಿನವರು ಅಂದುಕೊಂಡರು. ಅಲ್ಲ ಸ್ವಾಮಿ, ನಮ್ಮ ಕರಾವಳಿಯ ಕುಂದರ್! 1939ರ ಅಕ್ಟೋಬರ್ 2ರಂದು ಮುಲ್ಕಿಯಲ್ಲಿ ಹುಟ್ಟಿದ್ದು, ಬೆಳೆದದ್ದು ಮುಂಬೈಯಲ್ಲಿ.

1960ರ ಜನವರಿ 1. ಬ್ರೆಬೋರ್ನ್‌ನಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟ್. ವಯಸ್ಸು 20, ಇನ್ನೂ ಒಂದು ರಣಜಿ ಪಂದ್ಯವನ್ನೂ ಆಡಿರಲಿಲ್ಲ. ಕೀಪಿಂಗ್ ಗ್ಲೌಸ್ ಕೂಡ ಸ್ವಂತದ್ದಲ್ಲ, ನರೇನ್ ತಮ್ಹಾನೆಯವರಿಂದ ಎರವಲು ತಂದದ್ದು ಅಂತಾರೆ. ಯಾರ ಜಾಗ ಹೋಯಿತೋ ಅವರದ್ದೇ ಗ್ಲೌಸ್. ಎಂಥಾ ದೊಡ್ಡ ಮನಸ್ಸು ನೋಡಿ. ಮುಂದಿನ ಟೆಸ್ಟ್ ಮದರಾಸಿನಲ್ಲಿ. ಭಾರತ 149ಕ್ಕೆ ಆಲ್‌ಔಟ್, ಅದರಲ್ಲಿ 71 ಈ ಹುಡುಗನದ್ದು.

ಆಮೇಲೆ ಮೂರು ವರ್ಷ ತಂಡದ ಒಳಗೆ, ಹೊರಗೆ. ಫರೂಖ್ ಎಂಜಿನಿಯರ್ ಬಂದಾಗಿತ್ತು, ಇಂದ್ರಜಿತ್‌ಸಿನ್ಹಜಿಯೂ ಇದ್ದರು. ಒಂದು ಜೊತೆ ಗ್ಲೌಸ್‌ಗೆ ಮೂರು ಜನ.

1964ರ ಜನವರಿ 10, ಅದೇ ಮದರಾಸು ಮೈದಾನ, ಇಂಗ್ಲೆಂಡ್ ಎದುರು. ಆರಂಭಿಕನಾಗಿ ಇಳಿದ ಕುಂದರನ್ ಸಂಜೆ ವಾಪಸಾದಾಗ ಔಟಾಗದೆ 170! ಬ್ಲಾಕ್ ಮಾಡಿ ದಿನ ತಳ್ಳೋದೇ ಜಾಣತನ ಅನ್ನೋ ಕಾಲದಲ್ಲಿ, ಒಬ್ಬ ಕೀಪರ್ ಒಂದೇ ದಿನಕ್ಕೆ 170. ಮರುದಿನ 192ಕ್ಕೆ ಔಟ್, 31 ಬೌಂಡರಿ. ಆದರೆ ಈ ಪಂದ್ಯ ಇವತ್ತಿಗೂ ನೆನಪಾಗೋದು ಯಾಕೆ ಗೊತ್ತಾ? ಬಾಪು ನಾಡಕರ್ಣಿ ಸತತ 21 ಮೇಡನ್ ಓವರ್ ಹಾಕಿದ್ದಕ್ಕೆ. 32 ಓವರ್, 27 ಮೇಡನ್, 5 ರನ್. ಕ್ವಿಜ್‌ಗಳಲ್ಲಿ ಬರೋದು ಅದೇ. ರನ್ ಹೊಡೆದವರಿಗಿಂತ ರನ್ ಕೊಡದವರೇ ಪ್ರಸಿದ್ಧರಾದರು.

ಆ ಸರಣಿಯ ಐದೂ ಟೆಸ್ಟ್ ಡ್ರಾ. ಕುಂದರನ್ ದೆಹಲಿಯಲ್ಲಿ ಇನ್ನೊಂದು ಶತಕ ಹೊಡೆದು ಒಟ್ಟು 525 ರನ್ ಮಾಡಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾ ಮದರಾಸಿಗೆ ಬಂದಾಗ ಗ್ಲೌಸ್ ಇಂದ್ರಜಿತ್‌ಸಿನ್ಹಜಿ ಕೈಯಲ್ಲಿ. ಕೀಪಿಂಗ್ ಮುಖ್ಯ ಅಂದರೂ, 525 ರನ್ ಹೊಡೆದವನಿಗೆ ಬ್ಯಾಟ್ಸ್‌ಮನ್ ಆಗಿ ಜಾಗ ಇರಲಿಲ್ವಾ? ನನಗಂತೂ ಇದು ಅರಗಲ್ಲ.

1966ರ ಕೊನೆಗೆ ವೆಸ್ಟ್ ಇಂಡೀಸ್ ಎದುರು ವಾಪಸ್ ಬಂದು ಮುಂಬೈಯಲ್ಲಿ 79. ಆದರೆ ಮೂರನೇ ಟೆಸ್ಟ್‌ಗೆ ಎಂಜಿನಿಯರ್ ಬಂದರು, ಚೆಪಾಕ್‌ನಲ್ಲಿ ಮೊದಲ ದಿನ ಊಟದ ಹೊತ್ತಿಗೇ 94. ಮದರಾಸೇ ಕೊಟ್ಟಿತ್ತು, ಮದರಾಸೇ ಕಿತ್ತುಕೊಂಡಿತು.

ಕೊನೇ ಟೆಸ್ಟ್ 1967ರಲ್ಲಿ ಬರ್ಮಿಂಗ್‌ಹ್ಯಾಮ್. ಬೇಡಿ, ಚಂದ್ರಶೇಖರ್, ಪ್ರಸನ್ನ, ವೆಂಕಟರಾಘವನ್ ನಾಲ್ವರೂ ತಂಡದಲ್ಲಿ, ವೇಗಿಗಳೇ ಇಲ್ಲ. ಮೈಸೂರು ರಾಜ್ಯ ತಂಡದ ಸುಬ್ರಹ್ಮಣ್ಯ ಜೊತೆ ಹೊಸ ಚೆಂಡು ಹಿಡಿದದ್ದು ನಮ್ಮ ಕೀಪರ್! ಏನು ಹಾಕ್ತೀಯ ಅಂತ ಪಟೌಡಿ ಕೇಳಿದಾಗ, ನನಗೂ ಗೊತ್ತಿಲ್ಲ ಅಂದರಂತೆ. 27ನೇ ವಯಸ್ಸಿಗೆ ಟೆಸ್ಟ್ ಬದುಕು ಮುಗಿಯಿತು. 18 ಪಂದ್ಯ, 981 ರನ್.

ಆಗ ನಮ್ಮಲ್ಲಿ ಕ್ರಿಕೆಟ್ ಹೊಟ್ಟೆ ತುಂಬಿಸುತ್ತಿರಲಿಲ್ಲ. ರೈಲ್ವೇಸ್‌ಗೆ, ಮೈಸೂರಿಗೆ ರಣಜಿ ಆಡಿದ ಮೇಲೆ ಅವರು ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋ ಹತ್ತಿರದ ಡ್ರಂಪೆಲಿಯರ್ ಕ್ಲಬ್‌ನಲ್ಲಿ ಸಂಬಳದ ಆಟಗಾರ, ನಲವತ್ತು ದಾಟಿದ ಮೇಲೆ ಸ್ಕಾಟ್ಲೆಂಡ್ ತಂಡದ ಪರವಾಗಿಯೂ ಆಡಿದರು. 2006ರ ಜೂನ್‌ನಲ್ಲಿ ಗ್ಲಾಸ್ಗೋದಲ್ಲೇ ತೀರಿಕೊಂಡರು.

ಭಾರತದ ಕೀಪರ್ ಒಬ್ಬ ಆ 192ನ್ನು ದಾಟಿದ್ದು 2013ರಲ್ಲಿ. ಧೋನಿ, 224. ಅದೂ ಇದೇ ಊರಿನಲ್ಲಿ, ಚೆಪಾಕ್‌ನಲ್ಲಿ.